ಕೈಬಿಡದ ದೇವರು, ಕೈ ಬಿಡಿಸಿಕೊಳ್ಳುವ ನಾವು



ಜೂನ್ 29ರಂದು ಧರ್ಮಸಭೆಯು ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವವನ್ನು ಆಚರಿಸುತ್ತದೆ. ಒಬ್ಬರು ತಮ್ಮ ಗುರುವನ್ನೇ ಅರಿಯೆನೆಂದು ಮೂರು ಬಾರಿ ಹೇಳಿದವರು. ಇನ್ನೊಬ್ಬರು ಧರ್ಮಸಭೆಯನ್ನು ಹಿಂಸಿಸಿದವರು. ನಮ್ಮ ಅನೇಕ ಕುಟುಂಬಗಳನ್ನು ಕಾಡುವ ಒಂದು ಪ್ರಶ್ನೆಗೆ ಇವರ ಬಾಳಿನಲ್ಲೇ ಉತ್ತರವಿದೆ.

"ನೀವು ರಕ್ಷಣೆ ಹೊಂದಿದ್ದೀರಾ? ಯಾವ ದಿನ?" ಎಂದು ಇತರ ಸಭೆಗಳ ಸ್ನೇಹಿತರು ಕೇಳಿದಾಗ ನಾವು ತಡವರಿಸುತ್ತೇವೆ. ಒಮ್ಮೆ ಪಡೆದ ರಕ್ಷಣೆಯನ್ನು ಕಳೆದುಕೊಳ್ಳಲು ಸಾಧ್ಯವೇ? ಸಾಧ್ಯವಾದರೆ, ದೇವಾಲಯದ ಕಡೆ ಮುಖ ಮಾಡದ ನಮ್ಮ ಮಗನ, ಮಗಳ ಗತಿಯೇನು?

ಈ ಚರ್ಚೆ ಹಳೆಯದು. ದೇವರು ಆರಿಸಿಕೊಂಡವರು ಕೊನೆಯವರೆಗೂ ಕಾಪಾಡಲ್ಪಡುತ್ತಾರೆಂದು 16ನೇ ಶತಮಾನದಲ್ಲಿ ಜಾನ್ ಕ್ಯಾಲ್ವಿನ್ ಬೋಧಿಸಿದರು. ನೆದರ್ಲೆಂಡ್ಸಿನಲ್ಲಿ ಅರ್ಮಿನಿಯಸ್ಸರ ಅನುಯಾಯಿಗಳು 1610ರಲ್ಲಿ ಇದನ್ನು ಪ್ರಶ್ನಿಸಿದರು. 1618-19ರ ಡಾರ್ಟ್ ಸಭೆ ಅವರ ವಾದವನ್ನು ತಳ್ಳಿಹಾಕಿತು. ಮುಂದೆ ಮೆಥೋಡಿಸ್ಟರ ನಾಯಕ ಜಾನ್ ವೆಸ್ಲಿ, ವರಪ್ರಸಾದದಿಂದ ಬೀಳುವುದು ಸಾಧ್ಯವೆಂದೇ ಸಾರಿದರು. ಹೀಗೆ ಪ್ರೊಟೆಸ್ಟಂಟರಲ್ಲೂ ಒಮ್ಮತವಿಲ್ಲ. ಆದರೂ ಕ್ಯಾಲ್ವಿನ್ ಪಂಥದವರ ಕಳಕಳಿಯನ್ನು ನಾವು ಹಗುರವಾಗಿ ಕಾಣಬಾರದು. ನಮ್ಮ ಉದ್ಧಾರವು ನಮ್ಮ ಬಲದಿಂದಲ್ಲ, ದೇವರ ನಿಷ್ಠೆಯಿಂದ ಎಂಬುದೇ ಅವರ ಮಾತಿನ ತಿರುಳು. ಅದು ನಮ್ಮ ವಿಶ್ವಾಸವೂ ಹೌದು.

ಹಾಗಾದರೆ ಭಿನ್ನತೆ ಎಲ್ಲಿದೆ? 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟಪಡಿಸಿತು. ದೇವರು ವಿಶೇಷವಾಗಿ ತಿಳಿಸಿದ ಹೊರತು, ಕೊನೆಯವರೆಗೂ ಸ್ಥಿರವಾಗಿರುವೆನೆಂದು ಯಾರೂ ಖಚಿತವಾಗಿ ಹೇಳಲಾರರು. ಮಾರಕ ಪಾಪದಿಂದ, ವಿಶ್ವಾಸ ಉಳಿದಿದ್ದರೂ, ವರಪ್ರಸಾದ ನಷ್ಟವಾಗುತ್ತದೆ. ಆದರೆ ನಮ್ಮ ಪ್ರತಿಯೊಂದು ದೌರ್ಬಲ್ಯವೂ ಮಾರಕ ಪಾಪವಲ್ಲ. ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಃಪೂರ್ವಕ ಸಮ್ಮತಿ ಇರಬೇಕು ಎಂದು ಧರ್ಮಸಭೆ ಕಲಿಸುತ್ತದೆ.

ತಮ್ಮ ಕುರಿಗಳನ್ನು ಯಾರೂ ತಮ್ಮ ಕೈಯಿಂದ ಕಸಿದುಕೊಳ್ಳಲಾರರೆಂದು ಯೇಸುಸ್ವಾಮಿ ಅಭಯ ನೀಡಿದ್ದಾರೆ (ಯೊವಾನ್ನ 10:28). ಕಳ್ಳನು ಕಸಿಯಲಾರನು, ನಿಜ. ಆದರೆ ಕುರಿ ತಾನಾಗಿ ದಾರಿ ತಪ್ಪಬಹುದು. ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸುವ ಶಕ್ತಿ ಯಾವುದಕ್ಕೂ ಇಲ್ಲವೆಂದು ಬರೆದ ಸಂತ ಪೌಲರೇ (ರೋಮನರಿಗೆ 8:38-39), ಇತರರಿಗೆ ಬೋಧಿಸಿದ ಮೇಲೆ ತಾವೇ ಅನರ್ಹರಾಗದಂತೆ ದೇಹವನ್ನು ಹತೋಟಿಯಲ್ಲಿಡುವುದಾಗಿಯೂ ಬರೆದರು (1 ಕೊರಿಂಥಿಯರಿಗೆ 9:27). ಪ್ರೀತಿಯು ಬಲವಂತ ಮಾಡುವುದಿಲ್ಲ. ಹಿಡಿದ ಕೈಯನ್ನು ಬಿಡಿಸಿಕೊಳ್ಳುವ ಸ್ವಾತಂತ್ರ್ಯ ನಮಗಿದೆ.

ಸಂತ ಪೇತ್ರರನ್ನು ನೋಡಿರಿ. ಎಲ್ಲರೂ ಬಿಟ್ಟರೂ ತಾನು ಬಿಡೆನೆಂದು ಅತಿಯಾದ ಭರವಸೆಯಿಂದ ನುಡಿದವರು ಅದೇ ರಾತ್ರಿ ಬಿದ್ದರು. ಯೂದನೂ ಮರುಗಿದನು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು, ಆದರೆ ನಿರಾಶನಾದನು. ಪೇತ್ರರು ಅತ್ತರು, ಕ್ರಿಸ್ತರ ಬಳಿಗೆ ಮರಳಿದರು. ಅವರು ಬೀಳುವ ಮೊದಲೇ ಯೇಸು ಅವರಿಗಾಗಿ ಪ್ರಾರ್ಥಿಸಿದ್ದರು (ಲೂಕ 22:32). ಪಾಪನಿವೇದನೆಯ ಸಂಸ್ಕಾರವನ್ನು ಹಡಗು ಒಡೆದವನಿಗೆ ಸಿಗುವ ಎರಡನೆಯ ಹಲಗೆಯೆಂದು ಧರ್ಮಪಿತೃಗಳು ಕರೆದರು. ಆ ಹಲಗೆ ಇಂದೂ ನಮ್ಮ ಬಳಿ ತೇಲುತ್ತಿದೆ.

ದೂರ ಸರಿದ ಮಕ್ಕಳಿಗಾಗಿ ಕಣ್ಣೀರಿಡುವ ತಂದೆತಾಯಂದಿರೇ, ಜ್ಞಾನಸ್ನಾನದ ಮುದ್ರೆಯನ್ನು ಯಾವ ಪಾಪವೂ ಅಳಿಸಲಾರದು. ಮನೆಯ ಬಾಗಿಲನ್ನು ತೆರೆದಿಡಿ, ತೀರ್ಪನ್ನು ದೇವರಿಗೆ ಬಿಡಿ, ಪ್ರಾರ್ಥನೆಯನ್ನು ಬಿಡಬೇಡಿ.

ಸ್ನೇಹಿತರ ಪ್ರಶ್ನೆಗೆ ಏನು ಹೇಳೋಣ? 1431ರಲ್ಲಿ ರುವಾನಿನ ನ್ಯಾಯಸಭೆ, ನೀನು ವರಪ್ರಸಾದದ ಸ್ಥಿತಿಯಲ್ಲಿರುವೆಯಾ ಎಂದು ಸಂತ ಜೋನ್ ಆಫ್ ಆರ್ಕ್‌ರನ್ನು ಕೇಳಿತು. ಇಲ್ಲವಾದರೆ ದೇವರು ನನ್ನನ್ನು ಅದರಲ್ಲಿ ಸೇರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ ಎಂಬುದೇ ಆಕೆಯ ಉತ್ತರವಾಗಿತ್ತು. ನಮ್ಮ ಉತ್ತರವೂ ಇದೇ ಆಗಲಿ. ಜ್ಞಾನಸ್ನಾನದಲ್ಲಿ ಉದ್ಧಾರ ಹೊಂದಿದ್ದೇವೆ, ದಿನದಿನವೂ ಹೊಂದುತ್ತಿದ್ದೇವೆ, ಕೊನೆಗೂ ಹೊಂದುವೆವೆಂದು ನಿರೀಕ್ಷಿಸುತ್ತೇವೆ. ಅದಕ್ಕೆಂದೇ ಜಪಸರದಲ್ಲಿ ಮತ್ತೆ ಮತ್ತೆ ಈ ಗಳಿಗೆಗಾಗಿ, ನಮ್ಮ ಮರಣದ ಗಳಿಗೆಗಾಗಿ ಮಾತೆ ಮರಿಯಳ ಪ್ರಾರ್ಥನೆಯನ್ನು ಬೇಡುತ್ತೇವೆ.

ಸಂತ ಪೇತ್ರರೇ, ಸಂತ ಪೌಲರೇ, ಬಿದ್ದವರು ಏಳುವಂತೆ, ನಿಂತವರು ಬೀಳದಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.