ಮನೆಯಲ್ಲೇ ಹುಣಸೆ-ಬೆಲ್ಲದ ಖಾರದ ಗೊಜ್ಜು

ತುಮಕೂರು ಸೀಮೆಯ ರೈತರಿಗೆ ಹುಣಸೆಮರದ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಶಿವರಾತ್ರಿಯ ಸುಮಾರಿಗೆ ಕಾಯಿ ಬಡಿದು, ಸಿಪ್ಪೆ ಸುಲಿದು, ಬೀಜ ಬಿಡಿಸಿ, ಹಣ್ಣನ್ನು ತುಮಕೂರಿನ ಮಂಡಿಗೆ ಹಾಕುತ್ತೇವೆ. ಹಾಕಲಿ, ದುಡ್ಡಿಗೆ ಅದೇ ದಾರಿ. ಆದರೆ ಮನೆಗೆಂದು ಒಂದು ಹಿಡಿಯೂ ಉಳಿಸದೆ ಮಾರಿ, ಆಮೇಲೆ ಅದೇ ಪೇಟೆಯಿಂದ ಸಿಹಿಖಾರದ ಸಾಸ್ ಶೀಸೆ ತರುವ ಮನೆಗಳು ಗುಬ್ಬಿ, ಕುಣಿಗಲ್ ಕಡೆಯಲ್ಲೂ ಉಂಟು. ಆ ಶೀಸೆಯಲ್ಲಿರುವುದಾದರೂ ಏನು? ಟೊಮ್ಯಾಟೊ, ಸಕ್ಕರೆ, ವಿನೆಗರ್, ಉಪ್ಪು, ಖಾರ. ಅಮೆರಿಕದವರು ಕೆಂಡದ ಮೇಲೆ ಸುಟ್ಟ ಬಾಡಿಗೆ ಸವರುವುದೂ ಹೆಚ್ಚುಕಡಿಮೆ ಇದನ್ನೇ. ವಿನೆಗರಿನ ಕೆಲಸವನ್ನು ನಮ್ಮ ಹುಣಸೆ ಮಾಡುತ್ತದೆ, ಸಕ್ಕರೆಯದನ್ನು ಬೆಲ್ಲ.

ಬೀಜ, ನಾರು ತೆಗೆದ ಹುಣಸೆಹಣ್ಣು 250 ಗ್ರಾಂ, ಅಷ್ಟೇ ತೂಕದ ಬೆಲ್ಲ, 50 ಗ್ರಾಂ ಉಪ್ಪು, 100 ಮಿಲಿಲೀಟರ್ ಕಡಲೆಕಾಯಿ ಎಣ್ಣೆ ಇಟ್ಟುಕೊಳ್ಳಿ. ಬಣ್ಣಕ್ಕೆ 20 ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ 8 ಗುಂಟೂರು ಸಾಕು. ಇವುಗಳ ಜೊತೆ 4 ಚಮಚ ಧನಿಯ, ಒಂದೊಂದು ಚಮಚ ಜೀರಿಗೆ ಮತ್ತು ಕರಿಮೆಣಸು, ಅರ್ಧ ಚಮಚ ಮೆಂತ್ಯವನ್ನು ಬೇರೆಬೇರೆಯಾಗಿ ಹುರಿದು ಪುಡಿಮಾಡಬೇಕು. ಮೆಂತ್ಯ ಕಪ್ಪಾದರೆ ಗೊಜ್ಜೆಲ್ಲ ಕಹಿ.

ಹುಣಸೆಯನ್ನು ಮುಕ್ಕಾಲು ಲೀಟರ್ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿರಿ. ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ. ಬಾಡಿಗೆಂದು ಮಾಡುವವರು ಜಜ್ಜಿದ ಬೆಳ್ಳುಳ್ಳಿಯನ್ನೂ ಹಾಕಿ ಕೆಂಪಗೆ ಹುರಿಯಬಹುದು. ಮೇಲೆ ಹುಳಿ, ಉಪ್ಪು, ಅರಿಸಿನ ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಬೆಲ್ಲ, ಪುಡಿ ಬೀಳಬೇಕಾದ್ದು ಅನಂತರ. ಇನ್ನು ಉರಿ ಸಣ್ಣದಿರಲಿ, ಕೈ ಬಿಡದೆ ತಿರುವುತ್ತಿರಿ.

ಪಾತ್ರೆಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಹುಣಸೆಯ ಆಮ್ಲ ತಾಮ್ರ, ಹಿತ್ತಾಳೆಗಳನ್ನು ಕರಗಿಸುತ್ತದೆ. ಕಲಾಯಿ ಸವೆದಿದ್ದ ಹಿತ್ತಾಳೆ ತಪ್ಪಲೆಯಲ್ಲಿ ರಾತ್ರಿಯಿಡೀ ಬಿಟ್ಟ ಗೊಜ್ಜಿನ ಅಂಚು ಹಸಿರಾದದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅಷ್ಟೂ ತಿಪ್ಪೆಗೆ ಹೋಯಿತು. ನೋವಾಯಿತು, ಆದರೆ ಅದನ್ನು ತಿಂದ ಮಕ್ಕಳಿಗೆ ವಾಂತಿ, ಹೊಟ್ಟೆನೋವು ಬಂದಿದ್ದರೆ? ಅಲ್ಯೂಮಿನಿಯಂ ಕೂಡ ಬೇಡ. ಕಬ್ಬಿಣದ ಬಾಣಲೆಯಿಂದ ಕೇಡಿಲ್ಲ, ಬಣ್ಣ ಕಪ್ಪಾಗಿ ರುಚಿ ಕೆಡುತ್ತದೆ. ಸ್ಟೀಲು, ಮಣ್ಣಿನ ಮಡಕೆ ಅಥವಾ ಹೊಸ ಕಲಾಯಿಯ ಪಾತ್ರೆ ಯೋಗ್ಯ.

ಗೊಜ್ಜು ಹಳಸುವುದು ನೀರಿನಿಂದ. ಎಣ್ಣೆ ಅಂಚಿನಲ್ಲಿ ಬಿಟ್ಟುಕೊಂಡ ಮೇಲೆ ಒಂದು ತೊಟ್ಟನ್ನು ತಟ್ಟೆಯ ಮೇಲಿಟ್ಟು ನೋಡಿ. ಸುತ್ತ ನೀರು ಒಸರಿದರೆ ಇನ್ನೂ ಕಾಯಬೇಕು. ಪೂರ್ತಿ ಆರಿದ ಬಳಿಕ ಬಿಸಿಲಿನಲ್ಲಿ ಒಣಗಿಸಿದ ಗಾಜಿನ ಅಥವಾ ಪಿಂಗಾಣಿ ಜಾಡಿಗೆ ತುಂಬಿರಿ. ಉಪ್ಪು ಹೆಚ್ಚಾಯಿತೆಂದು ಕಡಿಮೆ ಮಾಡಬೇಡಿ. ಕಾಪಾಡುವುದರಲ್ಲಿ ಅದರ ಪಾಲೂ ಇದೆ. ಒದ್ದೆ ಸೌಟು ಇಳಿಸದಿದ್ದರೆ ಒಂದೆರಡು ತಿಂಗಳಿಗೆ ಮೋಸವಿಲ್ಲ. ಬೂಷ್ಟು ಕಂಡಿತೋ, ಮೇಲಿನದನ್ನಷ್ಟೇ ಕೆರೆದು ಬಳಸದೆ ಇಡೀ ಜಾಡಿಯನ್ನು ಚೆಲ್ಲಿರಿ.

ಚಪಾತಿ, ದೋಸೆ, ಬಿಸಿ ಅನ್ನಕ್ಕೆ ಹಾಗೆಯೇ ಆಗುತ್ತದೆ. ಕೋಳಿಯನ್ನು ಕೆಂಡದ ಮೇಲೆ ಸುಡುವವರು ಇದನ್ನು ಸ್ವಲ್ಪ ಬಿಸಿನೀರಿನಲ್ಲಿ ತೆಳುಮಾಡಿಕೊಂಡು, ಒಳಗೆಲ್ಲ ಬೆಂದು ಇಳಿಸಲು 5 ನಿಮಿಷವಿದೆ ಎನ್ನುವಾಗ ಸವರಬೇಕು. ಮೊದಲೇ ಸವರಿದರೆ ಬೆಲ್ಲ ಸೀದು ಹೊರಗೆ ಇದ್ದಲು, ಒಳಗೆ ಹಸಿ. ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಳ್ಳಿ. ಹಸಿ ಬಾಡಿಗೆ ತಾಕಿದ ಚಮಚ ಜಾಡಿಯೊಳಗೆ ಹೋಗಕೂಡದು.