ರಾಂಪುರಕ್ಕೆ ಎಷ್ಟು ಕ್ರೆಡಿಟ್?

‘ಎಂಎಸ್‌ಡಬ್ಲ್ಯೂನಾ?’

ಬಿ.ಎ. ಸಮಾಜಶಾಸ್ತ್ರದ ಹುಡುಗಿ ಇಂಟರ್ನ್‌ಶಿಪ್ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದು. ‘ಅಲ್ಲ ಸರ್, ಸೋಷಿಯಾಲಜಿ’ ಎಂದರೆ ಒಂದು ಗಳಿಗೆ ಮೌನ. ಆಮೇಲೆ, ‘ಹಾಗಾದ್ರೆ ನಿಮಗೇನಮ್ಮ ಕೆಲಸ ಕೊಡೋದು?’

ಕೇಳಿದವರದು ತಪ್ಪಲ್ಲ. ಎಂಎಸ್‌ಡಬ್ಲ್ಯೂ ಎಂದರೆ ಸಮಾಜಕಾರ್ಯದ ಪದವಿ. ಆ ವಿದ್ಯೆ ಕಲಿಸಲೆಂದೇ 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಶುರುವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ಅದೇ. ಅಂಥ ಕೋರ್ಸುಗಳಲ್ಲಿ ಕ್ಷೇತ್ರಕಾರ್ಯ ಪಠ್ಯದ ಒಳಗೇ ಇರುತ್ತದೆ. ಸಂಸ್ಥೆಗಳಿಗೂ ಆ ಮಕ್ಕಳನ್ನು ಕಂಡು ಅಭ್ಯಾಸ. ಸಮಾಜಶಾಸ್ತ್ರ ಅದಕ್ಕಿಂತ ಹಿರಿಯದು. ಬಾಂಬೆ ವಿಶ್ವವಿದ್ಯಾಲಯದಲ್ಲಿ 1919ರಲ್ಲೇ ವಿಭಾಗ ತೆರೆದ ಪ್ಯಾಟ್ರಿಕ್ ಗೆಡ್ಡಿಸ್ ಬೀದಿ ಬೀದಿ ನಡೆದು ಊರುಗಳನ್ನು ಓದಿದ ಮನುಷ್ಯ. ಆದರೂ ನಮ್ಮ ಕಾಲೇಜುಗಳಲ್ಲಿ ಊರು ಸುತ್ತುವ ಭಾಗ್ಯ ಸಂಶೋಧಕರ ಪಾಲಾಯಿತು, ಬಿ.ಎ. ಮಕ್ಕಳಿಗೆ ಉಳಿದದ್ದು ನೋಟ್ಸು.

ಸಂಶೋಧಕರ ಪಾಲಿಗೆ ಸಿಕ್ಕಿದ್ದು ಎಂಥದ್ದು ಎನ್ನುವುದಕ್ಕೆ ಮೈಸೂರಿನ ಎಂ.ಎನ್. ಶ್ರೀನಿವಾಸರೇ ಸಾಕು. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ಕೂತರು. ಬರವಣಿಗೆಯಲ್ಲಿ ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟರು. ಯಾರ ಜಗಲಿಯಲ್ಲಿ ಯಾರು ಕೂರುತ್ತಾರೆ, ಯಾರ ಮಾತಿಗೆ ಊರು ತಲೆಯಾಡಿಸುತ್ತದೆ ಎಂಬುದನ್ನೆಲ್ಲ ವರ್ಷದ ಬಹುಭಾಗ ಅಲ್ಲೇ ಇದ್ದು ನೋಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಅಣಿಗೊಳಿಸಿದ ಟಿಪ್ಪಣಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು: ‘ದಿ ರಿಮೆಂಬರ್ಡ್ ವಿಲೇಜ್’.

ಆ ಹಳ್ಳಿವಾಸಕ್ಕೆ ಎಷ್ಟು ಕ್ರೆಡಿಟ್ ಕೊಡಬಹುದು? ತಮಾಷೆಯ ಪ್ರಶ್ನೆಯೇ, ಆದರೆ ಲೆಕ್ಕ ಈಗ ಸಾಧ್ಯ. ಯುಜಿಸಿಯ 2022ರ ಚೌಕಟ್ಟಿನಲ್ಲಿ 30 ಗಂಟೆಯ ಇಂಟರ್ನ್‌ಶಿಪ್‌ಗೆ ಒಂದು ಕ್ರೆಡಿಟ್. ಹತ್ತು ತಿಂಗಳು, ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ 80. ಮೂರು ವರ್ಷದ ಪದವಿಗೆ ಬೇಕಾದದ್ದು 120!

ಗಂಟೆ ಎಣಿಸುವ ಈ ಚಾಳಿ ಹುಟ್ಟಿದ್ದು ಮೇಷ್ಟ್ರುಗಳ ಪಿಂಚಣಿಯ ದೆಸೆಯಿಂದ. 1905ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಅಮೆರಿಕದ ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟ. ಯಾವ ಕಾಲೇಜಿಗೆ ಅದು ಸಲ್ಲಬೇಕು? ಪ್ರವೇಶಕ್ಕೆ ಬರುವವರು ಹೈಸ್ಕೂಲಿನಲ್ಲಿ ಇಂತಿಷ್ಟು ‘ಯೂನಿಟ್’ ಓದಿರಬೇಕೆಂದು ಕೇಳುವ ಕಾಲೇಜಿಗೆ. ಒಂದು ಯೂನಿಟ್ ಎಂದರೆ ಸುಮಾರು 120 ಗಂಟೆಯ ಪಾಠ. 1910ರಲ್ಲಿ, ಅದೇ ಹಣದಿಂದ ಹುಟ್ಟಿದ ಕಾರ್ನೆಗಿ ಪ್ರತಿಷ್ಠಾನಕ್ಕಾಗಿ, ಮಾರಿಸ್ ಕುಕ್ ಎಂಬ ಎಂಜಿನಿಯರ್ ಕಾಲೇಜುಗಳನ್ನು ಕಾರ್ಖಾನೆಯ ಕಣ್ಣಿನಿಂದ ಅಳೆದು ‘ವಿದ್ಯಾರ್ಥಿ-ಗಂಟೆ’ಯನ್ನು ಮುಂದಿಟ್ಟ. ನಮ್ಮ ಕಡೆ ಕ್ರೆಡಿಟ್ ಪದ್ಧತಿ ಜೋರು ಹಿಡಿದದ್ದು 2015ರ ನಂತರ.

ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಅಪ್ಪಿಕೊಂಡಿತು, 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಹೋಗಿಬರುವ ಗಡಿಬಿಡಿಯಲ್ಲಿ ಒಂದೊಂದು ಬ್ಯಾಚಿಗೆ ಒಂದೊಂದು ಕ್ರೆಡಿಟ್ ನಿಯಮ. ಹಾಗಾಗಿ ಸಂಸ್ಥೆ ಹುಡುಕುವ ಮುನ್ನ ತನ್ನ ಬ್ಯಾಚಿನ ಸಿಲೆಬಸ್ ತೆರೆದು ನೋಡುವವಳು ಜಾಣೆ. ವಿಭಾಗದ ಒಪ್ಪಿಗೆ, ಪ್ರಾಂಶುಪಾಲರ ಪತ್ರ ಕೆಲಸಕ್ಕೆ ಮೊದಲೇ ಕೈಗೆ ಬರಬೇಕು. ಕೆಲಸ ಮುಗಿಸಿ ಬಂದು ಕ್ರೆಡಿಟ್ ಕೇಳಿದರೆ ಎಚ್‌ಓಡಿ ಕೂಡ ಕೈಚೆಲ್ಲುತ್ತಾರೆ.

ನನ್ನನ್ನು ಕೇಳಿದರೆ ದೊಡ್ಡ ಎನ್‌ಜಿಓ ಬೇಕೇ ಇಲ್ಲ, ಗ್ರಾಮ ಪಂಚಾಯಿತಿ ಸಾಕು. ಪರಿಚಯದ ಹುಡುಗಿಯೊಬ್ಬಳು ಹಾಗೇ ಹೋಗಿದ್ದಳು. ಪಿಡಿಓ ಅವಳಿಗೆ ವಹಿಸಿದ್ದು ಅರ್ಜಿ ತುಂಬಿಕೊಡುವ ಕೆಲಸ. ಮೂರನೇ ದಿನಕ್ಕೆ ಅವಳ ಕಣ್ಣು ಬೆಂಚಿನ ಮೇಲೆ ಬಿತ್ತು. ಬೆಂಚು ಖಾಲಿಯಿದ್ದರೂ ಕೆಲವರು ಗೋಡೆಗೊರಗಿ ನಿಂತೇ ಇರುತ್ತಿದ್ದರು. ‘ಕೂತ್ಕೊಳ್ಳಿ ಅಜ್ಜಿ’ ಎಂದರೆ, ‘ಇರ್ಲಿ ಬುಡವ್ವ’ ಎನ್ನುವ ಉತ್ತರ. ಯಾರು ಕೂತರು, ಯಾರು ನಿಂತರು ಎಂದು ದಿನವೂ ಬರೆದಿಟ್ಟಳು, ತನ್ನದೇ ನೋಟ್‌ಬುಕ್ಕಿನಲ್ಲಿ.

ಕಾಲೇಜು ಕೊಟ್ಟ ಡೈರಿಯಲ್ಲಿ ಇದ್ದದ್ದು ನಾಲ್ಕೇ ಕಾಲಂ: ದಿನಾಂಕ, ಬಂದ ಸಮಯ, ಹೋದ ಸಮಯ, ಸಹಿ.