ಸಳಿ ಯಾರ ತೊಡೆಗೆ ತಾಕಿದೆ?

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಕರೋಶಿ, ಚಿಕ್ಕೋಡಿ ಕಡೆಯ ಮಂದಿಯ ಮುಖ ಚಿಂಚಲಿಯತ್ತ ತಿರುಗುತ್ತದೆ. ರಾಯಬಾಗ ತಾಲ್ಲೂಕಿನ ಆ ಊರಲ್ಲಿ ಮಾಯಕ್ಕನ ಜಾತ್ರೆ. ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಬಂಡಿ ಕಟ್ಟಿಕೊಂಡು ಬಂದವರು ಬಯಲಲ್ಲೇ ಒಲೆ ಹೂಡಿರುತ್ತಾರೆ. ಹಾರಿದ ಭಂಡಾರಕ್ಕೆ ದಾರಿಯ ಮಣ್ಣೂ ಹಳದಿ. ದೇವಿಗೆ ಕೈಮುಗಿದು ಹೊರಬರುವಷ್ಟರಲ್ಲಿ ಮಕ್ಕಳು ಅವ್ವನ ಸೆರಗು ಹಿಡಿದು ಜಗ್ಗತೊಡಗುತ್ತಾರೆ. ತೊಟ್ಟಿಲ ಬಯಲಿಗೆ ಹೋಗಬೇಕು.

ಹೊತ್ತು ಮುಳುಗುತ್ತಲೇ ಆ ಬಯಲಿಗೆ ಜೀವ ಬರುತ್ತದೆ. ಜನರೇಟರಿನ ಗುಡುಗು, ಡೀಸೆಲ್ಲಿನ ಹೊಗೆ, ಭಜಿ ಕರಿಯುವ ಎಣ್ಣೆಯ ಘಾಟು, ಗುಡ್ಡೆ ಹಾಕಿದ ಬೆಂಡು ಬತ್ತಾಸು, ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಮೈಕಿನ ಕೂಗು. ದೊಡ್ಡ ತೊಟ್ಟಿಲು ಆಕಾಶ ಗೀರುತ್ತಿರುತ್ತದೆ. ಕೋಲಂಬಸ್ ಹಡಗು ಕೂತವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಬೀಸಿ ಒಯ್ಯುತ್ತದೆ. ಮೂಲೆಯಲ್ಲಿ ಡ್ರ್ಯಾಗನ್ ಟ್ರೇನ್. ಹಸಿರು ಮೈ, ಹೊರಚಾಚಿದ ಕೆಂಪು ನಾಲಿಗೆ, ಹಿಂದೆ ನಾಲ್ಕಾರು ಡಬ್ಬಿ. ಮೊಟ್ಟೆಯಾಕಾರದ ಹಳಿ, ಒಂದೆರಡು ಸಣ್ಣ ಏರಿಳಿತ. ರೋಲರ್ ಕೋಸ್ಟರ್ ಎಂಬುದನ್ನು ನಮ್ಮ ಕಡೆಯ ಹೆಚ್ಚಿನ ಮಕ್ಕಳು ಮೊದಲು ನೋಡುವುದು ಈ ರೂಪದಲ್ಲಿ.

ಒಬ್ಬ ತಾಯಿ, ನಾಲ್ಕೈದು ವರ್ಷದ ಮಗಳು ಒಂದೇ ಡಬ್ಬಿಯಲ್ಲಿ ಕೂರುತ್ತಾರೆ. ಮೀಸೆ ಚಿಗುರುತ್ತಿರುವ ಹುಡುಗ ಬಂದು ಇಬ್ಬರ ಮೇಲೂ ಒಂದೇ ಕಬ್ಬಿಣದ ಸಳಿ ಇಳಿಸಿ, ಪಕ್ಕದ ತೂತಿನಲ್ಲಿ ಪಿನ್ನು ತೂರಿಸುತ್ತಾನೆ. “ಸಳಿ ಗಟ್ಟಿ ಹಿಡ್ಕೋರಿ ಅಕ್ಕಾರ, ಏನೂ ಆಗಂಗಿಲ್ಲ” ಎಂದು ಮುಂದಿನ ಡಬ್ಬಿಗೆ ಹೋಗುತ್ತಾನೆ. ಸಳಿ ತಾಯಿಯ ತೊಡೆಗೆ ತಾಕಿ ನಿಂತಿದೆ. ಮಗಳ ಹೊಟ್ಟೆಗೂ ಅದಕ್ಕೂ ನಡುವೆ ಒಂದು ಗೇಣು ಬಯಲು. ಟ್ರೇನ್ ಹೊರಟಿತು. ತಿರುವಿಗೆ ಬಂದಾಗ ಮಗು ಸೀಟಿನ ಮೇಲೆ ಜಾರಿ ಹೊರಗಂಚಿಗೆ ಹೋಗುತ್ತದೆ, ತಾಯಿ ಎಡಗೈಯಿಂದ ಅದನ್ನು ಬಾಚಿ ಎದೆಗೆ ಒತ್ತಿಕೊಳ್ಳುತ್ತಾಳೆ. ಅಷ್ಟೂ ಸುತ್ತು ಆ ಮಗುವನ್ನು ಹಿಡಿದದ್ದು ಕಬ್ಬಿಣವಲ್ಲ, ಆ ಕೈ.

ಈ ಒಂದು ಗೇಣು ಬಯಲಿನ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಸಳಿ ತಾನು ತಾಕಿದ ಮೈಯನ್ನು ಮಾತ್ರ ಹಿಡಿಯುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಬರೀ ಎದುರಿಗಿರುವ ಕಬ್ಬಿಣ.

ರೋಲರ್ ಕೋಸ್ಟರಿನ ಚರಿತ್ರೆಯೆಲ್ಲ ಒಂದರ್ಥದಲ್ಲಿ ಈ ಸಳಿಯ ಚರಿತ್ರೆಯೇ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಓಡಿಸಿದ ಗಾಡಿ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು ಸಾಗುತ್ತಿತ್ತು. ಆ ವೇಗಕ್ಕೆ ಬೆಂಚಿನ ಮೇಲೆ ಕೂತರೆ ಸಾಕಿತ್ತು. ಆಮೇಲೆ ಜಾನ್ ಮಿಲ್ಲರ್ ಹಳಿಯ ಕೆಳಗಿನಿಂದಲೂ ಕಚ್ಚಿ ಹಿಡಿಯುವ ಗಾಲಿ ಜೋಡಿಸಿದ. 1919ರ ಪೇಟೆಂಟು ಅವನದು. ಮೇಲೊಂದು, ಪಕ್ಕಕ್ಕೊಂದು, ಅಡಿಗೊಂದು, ಹೀಗೆ ಗಾಲಿಗಳು ಹಳಿಯನ್ನು ಮೂರು ಕಡೆಯಿಂದ ಅಪ್ಪಿದ ಮೇಲೆ ಗಾಡಿ ಎಂಥ ಇಳಿಜಾರಿನಲ್ಲೂ ಹಳಿ ಬಿಟ್ಟು ಏಳದಾಯಿತು. ಆದರೆ ಒಳಗೆ ಕೂತವರಿಗೆ ಗಾಲಿ ಇಲ್ಲವಲ್ಲ. ದಿಣ್ಣೆಯ ನೆತ್ತಿ ದಾಟುವಾಗ ಗಾಡಿ ಕೆಳಗೆ ತಿರುಗುತ್ತದೆ, ಮೈ ಮಾತ್ರ ಬಂದ ದಾರಿಯಲ್ಲೇ ಮೇಲಕ್ಕೆ ಹೋಗಲು ನೋಡುತ್ತದೆ. ಹೊಟ್ಟೆಯೊಳಗೆ ಏನೋ ತೇಲಿದಂತಾಗುವುದು ಆಗಲೇ. ಆ ಗಳಿಗೆಗೆಂದೇ ತೊಡೆಯ ಸಳಿ ಇರುವುದು.

ತಲೆಕೆಳಗಾಗುವ ಸುತ್ತಿನಲ್ಲೇ ಹೆಚ್ಚು ಅಪಾಯ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಸಂಗತಿ ಬೇರೆಯೇ ಇದೆ. ಸಾಕಷ್ಟು ವೇಗವಿದ್ದರೆ ಸುತ್ತಿನ ನೆತ್ತಿಯಲ್ಲೂ ಮೈ ಸೀಟಿಗೇ ಒತ್ತಿಕೊಂಡಿರುತ್ತದೆ. ಹಳೆಯ ಸುತ್ತುಗಳು ಪೂರ್ತಿ ದುಂಡಗಿದ್ದವು, ಅವುಗಳ ಬುಡದಲ್ಲಿ ಬೀಳುವ ಏಟಿಗೆ ಕುತ್ತಿಗೆ ಉಳುಕುತ್ತಿತ್ತು. ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕೋಫ್ ಮತ್ತು ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಸುತ್ತನ್ನು ನೀರಹನಿಯ ಆಕಾರಕ್ಕೆ ತಂದರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ನಿಲ್ಲಿಸಿದ ‘ರೆವಲ್ಯೂಷನ್’ ತೊಡೆಯ ಸಳಿಯೊಂದನ್ನೇ ನಂಬಿ ಜನರನ್ನು ತಲೆಕೆಳಗು ಮಾಡಿತು. ನಡುವೆ ಹೆಗಲ ಪಟ್ಟಿ ಹಾಕಿ, 2016ರಲ್ಲಿ ಅದನ್ನು ತೆಗೆದು ಮತ್ತೆ ತೊಡೆಯ ಸಳಿಗೇ ಮರಳಿದರು.

ಹೆಗಲಿಗೆ ಇಳಿಯುವ ಸಳಿಯನ್ನು ನೋಡಬೇಕೆಂದರೆ ಕರೋಶಿಯವರಿಗೆ ಬೆಂಗಳೂರಿಗಿಂತ ಖೋಪೋಲಿಯೇ ಹತ್ತಿರ. ನಿಪ್ಪಾಣಿಗೆ ಹೋಗಿ ಹೆದ್ದಾರಿ ಹಿಡಿದರೆ ಕೊಲ್ಲಾಪುರ, ಸಾತಾರಾ, ಪುಣೆ, ಅದರಾಚೆ ಘಟ್ಟ ಇಳಿದಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ ಎಂಬ ಆಟದ ಉದ್ಯಾನ. ಅಲ್ಲಿಯ ನೈಟ್ರೊ ಎಂಬ ರೋಲರ್ ಕೋಸ್ಟರ್ ಸುಮಾರು 40 ಮೀಟರ್ ಎತ್ತರ, ವೇಗ ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕು. ಕಾಲಡಿಗೆ ನೆಲವೇ ಇಲ್ಲದ ಬಗೆಯ ಗಾಡಿ ಅದು. ಪಾಳಿ ಬಂದು ಎಲ್ಲರೂ ಕೂತ ಮೇಲೆ ತಲೆಯ ಮೇಲಿಂದ ದಪ್ಪ ಚೌಕಟ್ಟು ಇಳಿಯುತ್ತದೆ, ಎತ್ತಿನ ಹೆಗಲಿಗೆ ನೊಗ ಕೂತ ಹಾಗೆ. ನೊಗ ಜಾರದಿರಲು ಕೊರಳಿಗೆ ಜತ್ತಿಗೆ ಕಟ್ಟುವುದಿಲ್ಲವೇ? ಇಲ್ಲೂ ಕಾಲುಗಳ ನಡುವೆ ಒಂದು ಪಟ್ಟಾ ಬಂದು ಚೌಕಟ್ಟನ್ನು ಸೀಟಿಗೆ ಬಿಗಿಯುತ್ತದೆ. ಸಮವಸ್ತ್ರದವರು ಸಾಲಿನ ಉದ್ದಕ್ಕೂ ನಡೆದು ಒಂದೊಂದನ್ನೂ ಕೆಳಕ್ಕೆ ಒತ್ತಿ, ಮೇಲಕ್ಕೆ ಎಳೆದು ನೋಡುತ್ತಾರೆ. ಆಮೇಲೆ ಕಾಲ ಕೆಳಗಿನ ನೆಲ ಸರಿಯುತ್ತದೆ. ಸರಪಳಿ ಗಾಡಿಯನ್ನು ಕಚ್ಚಿ ದಿಣ್ಣೆ ಹತ್ತಿಸುತ್ತದೆ. ಮೈಯಲ್ಲಿ ನೆಲಕ್ಕೆ ತಾಕಿದ್ದು ಏನೂ ಉಳಿದಿಲ್ಲ, ಬೆವರಿದ ಅಂಗೈಗೆ ಸಿಗುವುದು ಎದೆಯ ಮೇಲಿನ ಆ ಹಿಡಿ ಒಂದೇ.

ಹಳಿಯ ಬಗೆ ಬದಲಾದಂತೆ ಸಳಿಯೂ ಬದಲಾಗುತ್ತದೆ. ಹಾರುವ ಬಗೆಯಲ್ಲಿ ಬೋರಲು ಮಲಗಬೇಕು, ಆದ್ದರಿಂದ ಎದೆಗೆ ಕವಚ. ಅರವತ್ತು ಮೀಟರ್ ದಾಟಿದ, ಸುತ್ತುಗಳಿಲ್ಲದ ದೈತ್ಯ ದಿಣ್ಣೆಗಳಿಗೆ ತೊಡೆಯ ಸಳಿಯೇ ಸಾಕು, ಮೈ ಹಗುರಾಗುವ ಸುಖಕ್ಕೆ ಹೆಗಲು ಬಿಡುವಾಗಿರಲಿ ಎಂದು. ಕೀಲಿ ಬೀಳುವುದರಲ್ಲೂ ಎರಡು ಬಗೆ. ಹಲ್ಲುಗಾಲಿಯದು ಟಕ್ ಟಕ್ ಎಂದು ಹಲ್ಲು ಹಲ್ಲಿಗೆ ನಿಲ್ಲುತ್ತದೆ, ಎರಡು ಹಲ್ಲಿನ ನಡುವಿನ ಮೈಗೆ ಅಷ್ಟು ಸಡಿಲ ಉಳಿದೇ ಉಳಿಯುತ್ತದೆ. ಎಣ್ಣೆಯ ಒತ್ತಡದ್ದು ಮೈ ಎಲ್ಲಿ ಸಿಕ್ಕಿತೋ ಅಲ್ಲೇ ಸದ್ದಿಲ್ಲದೆ ನಿಲ್ಲುತ್ತದೆ.

ಇಷ್ಟೆಲ್ಲ ಇದ್ದೂ ಆ ಒಂದು ಗೇಣು ಬಯಲು ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಸಾವುಗಳೇ ಸಾಕ್ಷಿ. 2011ರಲ್ಲಿ ನ್ಯೂಯಾರ್ಕ್ ರಾಜ್ಯದ ಡೇರಿಯನ್ ಲೇಕ್ ಉದ್ಯಾನದಲ್ಲಿ, ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಸೈನಿಕನೊಬ್ಬ ಗಾಡಿಯಿಂದ ಹಾರಿಬಿದ್ದ. ತೊಡೆಯನ್ನು ನೆಚ್ಚಿದ ಸಳಿಗೆ ಹಿಡಿಯಲು ಸಾಕಷ್ಟು ತೊಡೆಯೇ ಇರಲಿಲ್ಲ. 2013ರಲ್ಲಿ ಟೆಕ್ಸಸ್ಸಿನ ನ್ಯೂ ಟೆಕ್ಸಸ್ ಜೈಂಟ್ ಎಂಬ ರೋಲರ್ ಕೋಸ್ಟರಿನಿಂದ ಮಹಿಳೆಯೊಬ್ಬರು ಬಿದ್ದು ತೀರಿಕೊಂಡರು. ಮತ್ತೆ ತೆರೆಯುವಾಗ ಅದಕ್ಕೆ ಸೊಂಟದ ಪಟ್ಟಾ ಸೇರಿತ್ತು. 2022ರಲ್ಲಿ ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ, ಮೇಲಿಂದ ಧುಮುಕುವ ಗೋಪುರದ ಆಟದಲ್ಲಿ ಹದಿನಾಲ್ಕರ ಹುಡುಗ ಸೀಟಿನಿಂದ ಜಾರಿ ಸತ್ತ. ದೊಡ್ಡ ಮೈಯವರೂ ಕೂರಲೆಂದು ಆ ಸೀಟಿನ ಸಂವೇದಕವನ್ನು ಕೈಯಾರೆ ಸಡಿಲಿಸಿದ್ದರು, ಸಳಿಗೂ ಸೀಟಿಗೂ ನಡುವಿನ ಸಂದು ಹಿಗ್ಗಿತ್ತು. ನಮ್ಮಲ್ಲೂ 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು ಯುವತಿಯೊಬ್ಬಳು ಜೀವ ಬಿಟ್ಟಳು. ಸಳಿ ಗಟ್ಟಿಯಿದ್ದರಷ್ಟೇ ಸಾಲದು ಎಂಬುದನ್ನು 2019ರಲ್ಲಿ ಅಹಮದಾಬಾದಿನ ಕಾಂಕರಿಯಾ ತೋರಿಸಿತು. ಅಲ್ಲಿ ತೂಗುವ ಆಟದ ತೋಳೇ ಮುರಿದು ಕೂತವರ ಸಮೇತ ನೆಲಕ್ಕಪ್ಪಳಿಸಿತು.

ಅಮೆರಿಕದ ಎಎಸ್‌ಟಿಎಂ ಎಂಬ ಸಂಸ್ಥೆಯ ಮಾನದಂಡ ಆಟಗಳ ಎಳೆತದ ಜೋರನ್ನು ಅಳೆದು ಸಳಿಗಳಿಗೆ 5 ದರ್ಜೆ ಮಾಡಿದೆ. ಮೊದಲ ದರ್ಜೆಗೆ ಸಳಿಯೇ ಬೇಕಿಲ್ಲ. ಮೇಲಿನ ದರ್ಜೆಗಳಲ್ಲಿ ಕೂತ ಒಬ್ಬೊಬ್ಬರಿಗೂ ಬೇರೆಯದೇ ಸಳಿ ಇರಬೇಕು. ಡ್ರ್ಯಾಗನ್ ಟ್ರೇನ್ ಅಷ್ಟು ಜೋರಿನ ಆಟವಲ್ಲ ನಿಜ. ಆದರೆ ನಾಲ್ಕು ವರ್ಷದ ಮಗುವಿಗೆ ಅದರ ತಿರುವೂ ಜೋರೇ, ಗಾಡಿಯಿಂದ ನೆಲವೂ ದೂರವೇ.

ಜಾತ್ರೆಯ ಆಟದವರ ಮೇಲೆ ನನಗೆ ಸಿಟ್ಟಿಲ್ಲ. ಊರಿಂದೂರಿಗೆ ಲಾರಿಯಲ್ಲಿ ಹೊತ್ತು, ರಾತ್ರೋರಾತ್ರಿ ಬೋಲ್ಟು ಬಿಗಿದು, ಬಡವರ ಮಕ್ಕಳಿಗೂ ಕೈಗೆಟಕುವ ದುಡ್ಡಿಗೆ ಆಕಾಶ ತೋರಿಸುವವರು ಅವರು. ಇಮ್ಯಾಜಿಕಾದ ಟಿಕೆಟ್ಟಿನ ದುಡ್ಡು ಕಬ್ಬು ಕಡಿಯುವ ಮನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಈ ಆಟಗಳು ಉಳಿಯಬೇಕು, ಗಟ್ಟಿಯಾಗಿ ಉಳಿಯಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು: ಜಾಗದ ಬಾಡಿಗೆ ಗೊತ್ತುಮಾಡುವ ದಿನವೇ ಪ್ರತಿ ಸೀಟಿಗೂ ಪಟ್ಟಾ ಹಾಕಿಸಿ. ಟಿಕೆಟ್ ಹರಿಯುವವನ ಹೊರತಾಗಿ ಸಳಿ ಎಳೆದು ನೋಡುವುದಕ್ಕೆಂದೇ ಒಬ್ಬನನ್ನು ನಿಲ್ಲಿಸಿ. ಮಕ್ಕಳನ್ನು ಕೂರಿಸುವ ಅಕ್ಕಂದಿರೇ, ಅಣ್ಣಂದಿರೇ, ಪಿನ್ನು ಬಿದ್ದ ಮೇಲೆ ಸಳಿಗೂ ಮಗುವಿನ ತೊಡೆಗೂ ನಡುವೆ ಕೈ ಹಾಕಿ ನೋಡಿ. ಅಂಗೈ ಸಲೀಸಾಗಿ ತೂರಿದರೆ, ಆಟ ಹೊರಡುವ ಮೊದಲೇ ಮಗುವನ್ನು ಎತ್ತಿಕೊಂಡು ಇಳಿದುಬಿಡಿ.